ಮೊದಲು ಹೇಳಿದ ನಂಬರು

ಓದು ಅರ್ಧಕ್ಕೆ ಬಿಟ್ಟ ಹೆಣ್ಣುಮಕ್ಕಳನ್ನು ಮತ್ತೆ ಪರೀಕ್ಷೆಗೆ ಕೂರಿಸಬೇಕೆಂದು ಜಮಖಂಡಿಯಲ್ಲಿ ನಾವು ಕೆಲವರು ಒಂದು ಫೋನ್ ಸೇವೆ ಆರಂಭಿಸಿದ್ದೆವು. ಕರೆ ಮಾಡಿದವರು ತಮಗೆ ಬೇಕಾದುದನ್ನು ಹೇಳಿ ಇಡಬಹುದು, ದನಿ ಮುದ್ರಣವಾಗುತ್ತದೆ. ಬೇರೆಯವರ ಫೋನಿನಿಂದ ಕರೆ ಮಾಡುವವರೇ ಹೆಚ್ಚಾದ್ದರಿಂದ, ಉತ್ತರ ಯಾವ ನಂಬರಿಗೆ ಬರಬೇಕೆಂಬುದನ್ನು ಬಾಯಲ್ಲೇ ಹೇಳುವಂತೆ ಕೇಳಿಕೊಂಡಿದ್ದೆವು. ಮುಧೋಳ, ಬೀಳಗಿ, ಬನಹಟ್ಟಿ ಕಡೆಯಿಂದಲೂ ಸಂದೇಶಗಳು ಬರತೊಡಗಿದಾಗ ಕೂತು ಕೇಳಿ ಬರೆದುಕೊಳ್ಳುವುದು ಕೈಮೀರಿತು.

ಆಗ ತಂದದ್ದು ಆ ತಂತ್ರಾಂಶ. ದನಿಯನ್ನು ಅಕ್ಷರಕ್ಕಿಳಿಸಿ, ಅದರೊಳಗಿನ ಊರು, ನಂಬರು ಹೆಕ್ಕಿ, ಆ ನಂಬರಿಗೆ ತಾನೇ ಉತ್ತರ ಕಳಿಸುತ್ತಿತ್ತು. ಮನುಷ್ಯ ದಣಿಯುತ್ತಾನೆ, ಆರಿಸಿ ಕೇಳುತ್ತಾನೆ. ಯಂತ್ರ ಎಲ್ಲರನ್ನೂ ಸಮನಾಗಿ ಕೇಳುತ್ತದೆ ಎಂದು ಸಭೆಯಲ್ಲಿ ವಾದಿಸಿದ್ದವನು ನಾನೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತಂತೆ ವಾದ ಕಟ್ಟಿದ್ದೆ. ಯಾರೂ ಎದುರಾಡಲಿಲ್ಲ. ಇಂದಿಗೂ ಆ ವಾದದಲ್ಲಿ ತರ್ಕದೋಷ ನನಗೆ ಕಾಣುವುದಿಲ್ಲ. ನನ್ನನ್ನು ಕಾಡುವುದೂ ಅದೇ.

ಒಂದು ಮುಂಜಾನೆ ಹಿರಿಯರೊಬ್ಬರ ಕರೆ ಬಂತು.

“ಸಾವಳಗಿಯಿಂದ ಮಾತಾಡಾಕತ್ತೇನ್ರಿ. ಬಿ.ಎ. ಪರೀಕ್ಷಾ ಫೀ ತುಂಬಾಕ ಇದ ವಾರ ಕಡೀದು ಅಂತ ನನ್ನ ಫೋನಿಗೆ ಮೆಸೇಜ್ ಬಂದೈತಿ. ಏಳನೇತ್ತಕ್ಕ ಸಾಲಿ ಬಿಟ್ಟಾಂವ ನಾ. ನನಗ್ಯಾಕ್ರಿ ಬಿ.ಎ.?”

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವರು, ತಮ್ಮ ಮನೆಯವರು ಯಾರಾದರೂ ನಮಗೆ ಫೋನ್ ಹಚ್ಚಿದ್ದರೇ ಎಂದು ಮೆಲ್ಲಗೆ ಕೇಳಿದರು. ನೋಡಿ ಹೇಳುತ್ತೇನೆಂದೆ.

ನನ್ನ ಜೊತೆ ದುಡಿಯುವ ನಿವೃತ್ತ ಶಿಕ್ಷಕಿಯನ್ನು ಊರೆಲ್ಲ ಅಕ್ಕಾರು ಅನ್ನುತ್ತದೆ. ಅವರು ಆ ಮುದ್ರಣ ಹುಡುಕಿದರು, ಇಬ್ಬರೂ ಕೇಳಿದೆವು. ತಗ್ಗಿಸಿದ ಎಳೆಯ ದನಿ. ನಮ್ಮ ಕಡೆ ಮದುವೆಯಾದ ಹುಡುಗಿ ತನ್ನ ವಿಷಯ ಹೇಳುವ ಮೊದಲು ಯಾರ ಮನೆಯ ಸೊಸೆಯೆಂದು ಹೇಳುತ್ತಾಳೆ. ಇವಳೂ ಮೊದಲು ಮಾವನ ಮನೆತನ ಹೇಳಿ, ಮಾವನ ನಂಬರು ಹೇಳಿದ್ದಳು. ಆಮೇಲೆ:

“ಇದಕ್ಕ ಮಾತ್ರ ಹಚ್ಚಬ್ಯಾಡ್ರಿ. ಬಾಜೂ ಮನಿ ವೈನಿ ನಂಬರ್ ಹೇಳ್ತೇನಿ, ಅದಕ್ಕ ಹಚ್ರಿ. ಪರೀಕ್ಷಾ ಆಗೂತನಕ ನಮ್ಮ ಮನ್ಯಾಗ ಗೊತ್ತಾಗಬಾರದ್ರಿ.”

ಯಂತ್ರ ಒಂದಂಕಿಯನ್ನೂ ತಪ್ಪಾಗಿ ಬರೆದಿರಲಿಲ್ಲ. ಅವಳ ಬೇಡಿಕೆಯೂ ತೆರೆಯ ಮೇಲೆ ಪೂರ್ತಿ ಮೂಡಿತ್ತು. ಮೊದಲು ಸಿಕ್ಕ ನಂಬರಿಗೆ ಉತ್ತರ ಹೋಗಿತ್ತು, ಅಷ್ಟೇ.

“ಸೊಸಿ ಅಂದ್ರ ಏನಂತ ನಿಮ್ಮ ಮಶೀನಿಗೆ ಯಾರು ಕಲಿಸ್ಯಾರ್ರಿ ಸರ್?” ಎಂದ ಅಕ್ಕಾರು, ಮೆಸೇಜು ಆ ಹಿರಿಯರಿಗೆ ಸಂಬಂಧಿಸಿದ್ದಲ್ಲವೆಂದು ಹೇಳಿ ಮುಗಿಸಲು ಸೂಚಿಸಿದರು. ನಾನು ಒಪ್ಪಲಿಲ್ಲ. ಓದುವುದು ಅವಳ ಹಕ್ಕು. ಹಕ್ಕನ್ನು ಸುಳ್ಳಿನ ಮರೆಯಲ್ಲಿಟ್ಟರೆ ನಾವೇ ಅದನ್ನು ಅಪರಾಧವೆಂದು ಒಪ್ಪಿದಂತೆ ಎಂದೆ.

“ಹಕ್ಕು ಐತಿ, ಖರೆ. ಆದ್ರ ಸಂಜಿಗೆ ಆ ಮನ್ಯಾಗ ರೊಟ್ಟಿ ಬಡ್ಯಾಕ ಕೂಡೂದು ಆಕಿ. ನೀವಲ್ಲ.”

ಕರೆ ಮಾಡಿ ಸುಳ್ಳನ್ನೇ ಹೇಳಿದೆ. ಹಿರಿಯರು ಕೇಳಿದರು:

“ಹಂಗನ್ರಿ? ಮತ್ತ ಅದರಾಗ ಸಾವಳಗಿ ಅಂತ ಬರದೈತಲ್ರಿ.”

ಊರನ್ನೂ ಯಂತ್ರ ಸರಿಯಾಗಿಯೇ ಹೆಕ್ಕಿತ್ತು. ಅವರು “ಆತು ಬಿಡ್ರಿ” ಎಂದು ಫೋನಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾದಿಸಬಹುದಿತ್ತು.

ಅಂದೇ ತಂತ್ರಾಂಶದ ಸ್ವಯಂ ಉತ್ತರ ನಿಲ್ಲಿಸಿದೆವು. ಈಗ ಅದು ನಂಬರು ಹೆಕ್ಕಿ ಇಡುತ್ತದೆ. ಒಬ್ಬರು ಪೂರ್ತಿ ಕೇಳಿದ ಮೇಲಷ್ಟೇ ಉತ್ತರ ಹೋಗುತ್ತದೆ. ಕೇಳದೆ ಉಳಿದ ಸಂದೇಶಗಳು ಮತ್ತೆ ಬೆಳೆಯುತ್ತಿವೆ. ಅವುಗಳಲ್ಲಿ ಯಾರ ಕಡೆಯ ದಿನ ಮೀರಿತೋ ಎಂಬ ಅಳುಕು ನನಗೆ ನಿತ್ಯದ್ದು.

ಫೀ ತುಂಬುವ ಕಡೆಯ ದಿನವನ್ನು ಆ ಹಿರಿಯರ ಕರೆ ಬಂದ ದಿನವೇ ವೈನಿಯ ನಂಬರಿಗೂ ತಿಳಿಸಿದ್ದೆವು. ವಾರ ಮುಗಿಯಿತು. ಆ ಹುಡುಗಿ ಕೊಟ್ಟಿದ್ದ ಎರಡನೆಯ ನಂಬರಿಗೆ ಅಕ್ಕಾರು ಮತ್ತೆ ಕರೆ ಮಾಡಿದರು. ಮಾತು ನನಗೂ ಕೇಳುವಂತೆ ಫೋನು ಮೇಜಿನ ಮೇಲಿಟ್ಟರು. ಎತ್ತಿಕೊಂಡದ್ದು ಪಕ್ಕದ ಮನೆಯ ಆ ವೈನಿ. ಫೀ ತಾನೇ ತುಂಬುತ್ತೇನೆಂದರೂ ಹುಡುಗಿ ಬೇಡವೆಂದಳು, ಈಗ ಹೊರಗೆ ಬರುವುದೂ ಕಡಿಮೆ ಎಂದರು. ಇನ್ನು ತಮಗೂ ಫೋನ್ ಮಾಡಬೇಡಿರೆಂದು ಕೇಳಿಕೊಂಡರು. ಆಮೇಲೆ, ಇಡುವ ಮುನ್ನ, ದನಿ ತಗ್ಗಿಸಿ ಹೇಳಿದರು:

“ಆಕಿ ಪುಸ್ತಕ ನಮ್ಮ ಮನ್ಯಾಗ ಅದಾವ್ರಿ. ತಗೊಂಡ ಹೋಗ ಅಂದ್ರ, ಇರ್ಲಿ ಅಂತಾಳ.”