ಮೂರನೇ ಆಟೀನು ಬಿದ್ದಾಗ

ಆ ಭಾನುವಾರದ ಬಗ್ಗೆ ದಿನಚರಿಯಲ್ಲಿ ಬರೆದದ್ದು ಎರಡು ದಿನ ಕಳೆದ ಮೇಲೆ. ಹಾಗಾಗಿ ಇಸ್ಪೀಟಾಟದಲ್ಲಿ ನನ್ನ ಕೈಯಲ್ಲಿದ್ದದ್ದು ರಾಜರ ಜೋಡಿ ಎಂಬುದನ್ನು ಪೂರ್ತಿ ನಂಬುವಂತಿಲ್ಲ; ರಾಣಿಯರೂ ಇದ್ದಿರಬಹುದು. ಮಿಕ್ಕದ್ದು ನೆನಪಿದೆ, ಅಥವಾ ಹಾಗೆಂದುಕೊಂಡಿದ್ದೇನೆ.

ಅತ್ತೆ ಧಾರವಾಡದ ಕಡೆಯವರು. ಚಿಕ್ಕಬಾಣಾವರದ ತಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಭಾನುವಾರ ಅಲ್ಲಾಳಸಂದ್ರದ ನಮ್ಮ ಮನೆಗೆ ಬಂದರೆ ಊಟ, ಊಟವಾದ ಮೇಲೆ ನಾನು, ಹೆಂಡತಿ, ಅವರು ಮೂವರೂ ಕೂತು ಪೋಕರ್. ಪಣಕ್ಕೆ ಅವರೇ ತರುವ ಗುಂಡಿ ಡಬ್ಬಿ. ಕೋಟಿನ ದೊಡ್ಡ ಗುಂಡಿ ಒಂದು, ಅಂಗಿಯ ಬಿಳಿ ಗುಂಡಿ ಹತ್ತಕ್ಕೆ ಸಮ. ಕಲಿಸಿದ್ದು ನಾನು. ಆದರೆ ಸುಳ್ಳು ಪಣ ಹೂಡುವುದನ್ನು ಮಾತ್ರ ಅವರು ಕಲಿಯಲೇ ಇಲ್ಲ. ಒಳ್ಳೆಯ ಎಲೆ ಇಲ್ಲದೆ ಪಣ ಏರಿಸಿದವರಲ್ಲ.

ಅಂದು ಮೊದಲನೇ ಆಟದಲ್ಲೇ ಡೈಮಂಡ್ ಎಲೆಯೊಂದನ್ನು ಆಟೀನೆಂದು ಬಿಚ್ಚಿ ತೋರಿಸಿದರು. ಎರಡೂ ಕೆಂಪು ಗುರುತೇ.

"ಅಮ್ಮಾ, ಅದು ಡೈಮಂಡು."

"ಬೆಳಕ ಸಾಲದು ಇಲ್ಲೆ."

ಬಾಲ್ಕನಿಯ ಬಿಸಿಲು ಅವರ ಮಡಿಲ ಮೇಲೇ ಬಿದ್ದಿತ್ತು. ಹೆಂಡತಿ ಬಿಡಲಿಲ್ಲ. "ಕಣ್ಣಿಗೆ ಪೊರೆ ಬಂದಿದೆ. ಡಾಕ್ಟರ್ ಹತ್ರ ಬಾ ಅಂದ್ರೆ ಬರಲ್ಲ. ಇನ್ನೊಂದ್ಸಲ ಹಿಂಗಾದ್ರೆ ಆ ಮಷೀನ್ ಮಾರ್ಬಿಡ್ತೀನಿ ನೋಡು."

"ಮಾರು. ಆಮ್ಯಾಲೆ ನಿನ್ನ ಬ್ಲೌಸ್ ನೀನ ಹೊಲ್ಕೋ."

ತಮಾಷೆಯಾಗಿರಲಿಲ್ಲ. ಹಳೆ ಮಷೀನು ಕೊಳ್ಳುವವನನ್ನು ಹೆಂಡತಿ ಆಗಲೇ ವಿಚಾರಿಸಿಟ್ಟಿದ್ದಳು.

ಮೂರೋ ನಾಲ್ಕೋ ಆಟ ಕಳೆದವು. ಎಲ್ಲರಿಗೂ ಸೇರಿದಂತೆ ಮಧ್ಯದಲ್ಲಿ ಬಿಚ್ಚಿಟ್ಟ ನಾಲ್ಕು ಎಲೆಗಳಲ್ಲಿ ಒಬ್ಬ ರಾಜನಿದ್ದ. ಕೈಯ ಜೋಡಿ ಸೇರಿ ನನಗೆ ಮೂವರು. ಹೆಂಡತಿ ಆಗಲೇ ಸೋಲೊಪ್ಪಿ ಎಲೆ ಇಟ್ಟಿದ್ದಳು. ಕೊನೆಯ ಎಲೆ ತಿರುವಿದೆ: ಆಟೀನು, ಮಧ್ಯದಲ್ಲಿ ಅದು ಮೂರನೆಯದು. ಕೈಯ ಎರಡೂ ಎಲೆ ಆಟೀನಾಗಿದ್ದವರಿಗೆ ಒಂದೇ ಗುರುತಿನ ಐದು ಎಲೆಗಳಾಗಿ, ನನ್ನ ಮೂವರು ರಾಜರನ್ನು ಹೊಡೆಯುತ್ತವೆ. ನಾನು ನಾಲ್ಕು ಬಿಳಿ ಗುಂಡಿ ಸರಿಸಿದೆ. ಅತ್ತೆ ಎರಡು ಕೋಟಿನ ಗುಂಡಿಗಳನ್ನು ಮುಂದಿಟ್ಟರು.

ತಮ್ಮ ಕೈಯಲ್ಲಿ ಎರಡು ಆಟೀನು ಇವೆಯೆಂದು ಅವರು ನಂಬಿದ್ದಾರೆ, ಅದರಲ್ಲಿ ಅನುಮಾನವಿರಲಿಲ್ಲ. ನಿಜಕ್ಕೂ ಇವೆಯೇ ಎಂಬುದಷ್ಟೇ ಪ್ರಶ್ನೆ. ನಾನು ಸಮಕ್ಕೆ ಗುಂಡಿ ಹಾಕಿದರೆ ಅವರು ಎಲೆ ತೋರಿಸಲೇಬೇಕು, ಮಗಳ ಎದುರಿಗೆ.

"ಏನ್ರೀ, ಎಷ್ಟೊತ್ತು ನೋಡ್ತೀರಿ? ನೋಡಿದ್ರ ಮತ್ತೊಂದು ರಾಜ ಹುಟ್ಟತಾನೇನು?" ಎಂದರು ಅತ್ತೆ.

ನಾನು ಎಲೆ ಕೆಳಗಿಟ್ಟೆ. ಎದುರಾಳಿ ಸೋಲೊಪ್ಪಿದ ಮೇಲೆ ಗೆದ್ದವರ ಎಲೆ ಯಾರೂ ನೋಡುವಂತಿಲ್ಲ. ಅತ್ತೆ ಗುಂಡಿ ಬಾಚಿಕೊಂಡು, ಎಲೆಗಳನ್ನು ಮುಖದ ಹತ್ತಿರ ಒಯ್ದು, ಕಟ್ಟಿನೊಳಗೆ ಸೇರಿಸಿದರು.

ಸಂಜೆ ಸ್ಕೂಟರಿನಲ್ಲಿ ಅವರನ್ನು ಮನೆಗೆ ಬಿಡಲು ಹೊರಟೆ. ಸಿಗ್ನಲಿನಲ್ಲಿ ನಿಂತಾಗ ಹಿಂದಿನಿಂದ ಕೇಳಿದರು: "ಎಲಿ ಯಾಕ ಇಟ್ರಿ?"

"ನಿಮ್ಮ ಹತ್ರ ಆಟೀನು ಇದೆ ಅಂತ ಹೆದರ್ಕೊಂಡೆ, ಅತ್ತೆ."

"ನಾನೂ ಹಂಗ ತಿಳ್ಕೊಂಡಿದ್ದೆ. ಕಣ್ಣಿಗೆ ಹಚ್ಚಿ ನೋಡಿದೆ. ಒಂದು ಡೈಮಂಡು."

ಸಿಗ್ನಲ್ ಬಿಟ್ಟಿತು. ಆಮೇಲೆ, "ನಾಳೆ ಒಂದು ಮದುವಿ ಬ್ಲೌಸ್ ಕತ್ತರಿಸೋದೈತಿ. ಗೆರಿ ಬಿಟ್ಟು ಕತ್ತರಿ ಓಡಿದ್ರ? ಆ ಹುಡುಗಿ ನಿಮ್ಮಂಗ ಸುಮ್ನ ಎಲಿ ಇಡ್ತಾಳೇನು?" ಎಂದರು.

ಕರುಣೆಯಿಂದಲೇ ಎಲೆ ಇಟ್ಟೆನೆಂದು ದಿನಚರಿಯಲ್ಲಿದೆ. ಬರೆದವನು ನಾನೇ ಆದ್ದರಿಂದ ಅದನ್ನು ಅಷ್ಟಾಗಿ ನಂಬುವುದಿಲ್ಲ. ಸೋಲಿನ ಹೆದರಿಕೆಯೂ ಒಂದಿಷ್ಟು ಇದ್ದಿರಬೇಕು. ಮನೆಯಲ್ಲಿ ಗಲಾಟೆ ಬೇಡವೆಂಬ ಆಸೆಯಂತೂ ಇತ್ತು.

ಮನೆ ಮುಂದೆ ಇಳಿದವರು ಗೇಟು ತೆಗೆಯುವ ಮೊದಲೇ ಫೋನನ್ನು ನನ್ನ ಕೈಗೆ ಕೊಟ್ಟರು. "ಮಗಳ ನಂಬರ್ ಹಚ್ಚಿಕೊಡ್ರಿ. ನನಗ ಕಾಣಂಗಿಲ್ಲ." ಹಚ್ಚಿಕೊಟ್ಟೆ.

"ಬುಧವಾರ ರಜಾ ಹಾಕು, ದವಾಖಾನಿಗೆ ಹೋಗೂಣು," ಎಂದರು ಮಗಳಿಗೆ. "ಮಷೀನ್ ಮಾತ್ರ ಮಾರಂಗಿಲ್ಲ. ಮೊದಲ ಹೇಳಿರ್ತೀನಿ."