ಧಣಿ ಇಟ್ಟ ಹೆಸರು

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಕಟ್ಟಡದ ಎರಡನೇ ಮಹಡಿಯ ಮನುಷ್ಯನನ್ನು ಏನೆಂದು ಕರೆಯಬೇಕು ಎನ್ನುವುದು ನನಗೆ ಈಗೀಗ ತಿಳಿಯುತ್ತಿಲ್ಲ. ಮೊನ್ನೆ ಮೊನ್ನೆಯವರೆಗೆ ತಿಳಿದಿತ್ತು. ರಮಾಕಾಂತ ಭಟ್ಟರು. ಬಾಗಿಲಿನ ಫಲಕದ ಮೇಲೆ ಹಾಗೇ ಇದೆ, ಸೊಸೈಟಿಯ ಮೇಂಟೆನೆನ್ಸ್ ಬಿಲ್ಲಿನಲ್ಲಿ ಹಾಗೇ ಇದೆ, ಅವರ ಕೈಯ ಸಾರು ಉಂಡ ಠಾಣೆ, ಕಲ್ಯಾಣದ ಮದುವೆಮನೆಗಳವರೆಲ್ಲ ಹಾಗೇ ಕರೆಯುತ್ತಾರೆ. ನಾನು ಧಾರವಾಡದ ಕಡೆಯವಳು, ಮೊದಲಿನಿಂದಲೂ ಬರೀ 'ರಾಯರ' ಎನ್ನುತ್ತ ಬಂದಿದ್ದೇನೆ. ಸದ್ಯಕ್ಕೆ ಅದೊಂದೇ ಸುರಕ್ಷಿತ ಅನ್ನಿಸುತ್ತದೆ, ಇಲ್ಲಿಯೂ ಅದನ್ನೇ ಬಳಸುತ್ತೇನೆ.

ರಾಯರು ಉಡುಪಿಯ ಕಡೆಯವರು. ಮೀಸೆ ಮೂಡುವ ಮೊದಲೇ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿಗೆ ಬಂದು, ಟೇಬಲ್ ಒರೆಸಿ, ಹಿಟ್ಟು ರುಬ್ಬಿ, ದೋಸೆಕಾವಲಿಯ ಮುಂದೆ ವರ್ಷಗಟ್ಟಲೆ ನಿಂತು, ಕೊನೆಗೆ ಸ್ವಂತ ಕೇಟರಿಂಗ್ ಮಾಡಿ ಈ ಮನೆ ಕೊಂಡವರು. ಹೆಂಡತಿ ವನಮಾಲಾ, ನನಗೆ ತಂಗಿಯ ಹಾಗೆ. ಗಂಡ ಹೆಂಡತಿ ತಮ್ಮತಮ್ಮಲ್ಲಿ ತುಳು ಮಾತಾಡುತ್ತಾರೆ. ಒಬ್ಬನೇ ಮಗ ಜಯಂತ ಇಲ್ಲೇ ಹುಟ್ಟಿ ಬೆಳೆದವನು, ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಸೊಸೆ ಸಂಯುಕ್ತಾ ಬೆಂಗಳೂರಿನವಳು, ಬ್ಯಾಂಕಿನ ಕೆಲಸ. ಅವರಿಬ್ಬರೂ ನವಿ ಮುಂಬಯಿಯ ಖಾರಘರ್‌ನಲ್ಲಿರುತ್ತಾರೆ. ಈಚೆಗೆ ಅವರಿಗೆ ಗಂಡುಮಗು ಹುಟ್ಟಿತು, ನಾಮಕರಣ ಡೊಂಬಿವಲಿಯ ಮನೆಯಲ್ಲೇ ಎಂದು ನಿಶ್ಚಯವಾಯಿತು. ಎಲ್ಲ ಶುರುವಾದದ್ದು ಅಲ್ಲಿಂದ.

ಸಂಯುಕ್ತಾ ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿದಳು.

"ಭಾಗೀರಥಿ ಆಂಟಿ, ರಮಾಕಾಂತ ಅಂದ್ರೆ ಅರ್ಥ ಏನು? ಫೋನಲ್ಲಿ ಹುಡುಕಿದ್ರೆ ಒಂದೊಂದು ಕಡೆ ಒಂದೊಂದು ಬರುತ್ತೆ."

"ರಮಾ ಅಂದ್ರ ಲಕ್ಷ್ಮಿ. ಆಕಿ ಗಂಡ ರಮಾಕಾಂತ. ಅಂದ್ರ ವಿಷ್ಣು. ಯಾಕ ಕೇಳ್ತಿ?"

"ಪಾಪೂನ ಕರೆಯೋದಕ್ಕೆ ಪ್ರಥಮ ಅಂತ ಹೆಸರು. ಆದ್ರೆ ಅಕ್ಕಿಯಲ್ಲಿ ಬರೆದು ಕಿವಿಯಲ್ಲಿ ಹೇಳೋ ಹೆಸರು ಮಾವಂದೇ ಇರಲಿ ಅಂತ ಜಯಂತ್‌ಗೆ ಆಸೆ. ಮಾವಂಗೆ ಹೇಳ್ಬೇಡಿ ಆಂಟಿ, ಸರ್‌ಪ್ರೈಸ್."

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಇದು ಇಡೀ ಕಟ್ಟಡಕ್ಕೆ ಗೊತ್ತಿರುವ ಸಂಗತಿ, ಸಂಯುಕ್ತಾಳಿಗೆ ಗೊತ್ತಿಲ್ಲದಿದ್ದರೆ ನಾನೇನು ಮಾಡಲಿ? ಅದೇ ಸಂಜೆ ರಾಯರು ತರಕಾರಿ ಚೀಲ ಹಿಡಿದು ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಸುಧಾರಿಸಿಕೊಳ್ಳುತ್ತ ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತು ಹೇಳಿಯೇಬಿಟ್ಟೆ. ಮನುಷ್ಯ ಉಬ್ಬಿಹೋಗುತ್ತಾರೆ ಎಂದುಕೊಂಡಿದ್ದೆ. ಅವರು ತೊಡೆಯ ಮೇಲಿದ್ದ ಚೀಲವನ್ನು ಇಳಿಸಿ ನೆಲದ ಮೇಲಿಟ್ಟರು.

"ಅದು ಬೇಡ ಭಾಗೀರಥಿಯಮ್ಮ. ಅದು ನನ್ನ ಹೆಸರಲ್ಲ."

ಬಿಸಿಲಿನಲ್ಲಿ ನಡೆದು ತಲೆಗೇನಾದರೂ ಆಯಿತೇ ಎಂದು ನನಗೆ ಗಾಬರಿಯಾಯಿತು. "ಹಂಗಂದ್ರ? ಮತ್ಯಾರದ್ರಿ?" ಎಂದೆ.

"ಹೋಟ್ಲಿಂದು. ಧಣಿ ಇಟ್ಟದ್ದು."

ಆಮೇಲೆ ಅವರು ಹೇಳಿದ್ದನ್ನು ನಾನು ಎರಡೆರಡು ಸಲ ಕೇಳಿ ಅರ್ಥ ಮಾಡಿಕೊಳ್ಳಬೇಕಾಯಿತು. ಅವರ ಹೆಸರು ವಿಷ್ಣುಮೂರ್ತಿ. ಅಜ್ಜನ ಹೆಸರು ಮೊಮ್ಮಗನಿಗೆ ಎನ್ನುವ ರೂಢಿಯಂತೆ ಇಟ್ಟದ್ದು. ಹೋಟೆಲಿಗೆ ಸೇರಿದ ದಿನ ಗಲ್ಲಾದಲ್ಲಿ ಕೂತಿದ್ದ ಧಣಿ ಹೆಸರೇನು ಎಂದು ಕೇಳಿದರಂತೆ. ಇವರು ಹೇಳಿದರೆ ಧಣಿ ಕೂತಲ್ಲಿಂದಲೇ ಕೈ ಮುಗಿದರಂತೆ. ಧಣಿಯ ತೀರಿಹೋದ ತಂದೆಯ ಹೆಸರೂ ಅದೇ. "ಅಪ್ಪನ ಹೆಸರು ಹಿಡಿದು ಟೇಬಲ್ ಒರೆಸು ಅಂತ ನಾನು ಹೇಗೆ ಹೇಳೂದು ಮಾರಾಯ? ನಾಳೆ ನೀನು ಲೋಟ ಒಡೆದ್ರೆ ಬೈಯೂದು ಹೇಗೆ? ಇವತ್ತಿಂದ ನೀನು ರಮಾಕಾಂತ. ಎರಡೂ ಒಂದೇ ದೇವರು, ನಿಂದೇನೂ ಹೋಗೂದಿಲ್ಲ" ಎಂದರಂತೆ. ಧಣಿ ಕೆಟ್ಟವರಲ್ಲ. ಮುಂದೆ ರೇಷನ್ ಕಾರ್ಡು, ಬ್ಯಾಂಕಿನ ಖಾತೆ ಎಲ್ಲವನ್ನೂ ಅವರೇ ಓಡಾಡಿ ಮಾಡಿಸಿಕೊಟ್ಟರು, ರಮಾಕಾಂತ ಎಂಬ ಹೆಸರಿಗೇ. ಬೈಯುವುದನ್ನೂ ಆ ಹೆಸರು ಹಿಡಿದು ಧಾರಾಳವಾಗಿ ಬೈದರು.

ಮೊದಮೊದಲು ರಮಾಕಾಂತ ಎಂದು ಕೂಗಿದರೆ ಇವರು ತಿರುಗುತ್ತಿರಲಿಲ್ಲ. ಕಿವಿ ಕೇಳುವುದಿಲ್ಲವೇ ಎಂದು ಬೈಸಿಕೊಂಡರು. ಆಮೇಲೆ ಅಭ್ಯಾಸವಾಯಿತು. ಎಷ್ಟು ಅಭ್ಯಾಸವಾಯಿತೆಂದರೆ, ಕೆಲವು ವರ್ಷ ಕಳೆದು ಊರಿಗೆ ಹೋದಾಗ ಗದ್ದೆಯ ಬದುವಿನ ಮೇಲೆ ಹೋಗುತ್ತಿದ್ದ ಮಗನನ್ನು ತಾಯಿ ಹಿಂದಿನಿಂದ "ವಿಷ್ಣುಮೂರ್ತೀ" ಎಂದು ಕೂಗಿದರೆ ಇವರು ಸುಮ್ಮನೆ ನಡೆಯುತ್ತಲೇ ಹೋದರು. ತಾಯಿ ಓಡಿಬಂದು ತೋಳು ಹಿಡಿದು, ನನ್ನ ಮೇಲೆ ಕೋಪವಾ ಮಗಾ ಎಂದು ಕೇಳಿದರಂತೆ. ಅದನ್ನು ಹೇಳುವಾಗ ರಾಯರ ದನಿ ಬಿದ್ದುಹೋಯಿತು.

"ಅಮ್ಮ ಹೋದ ಮೇಲೆ ಆ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಊರಲ್ಲಿ ಉಳಿದವರಿಗೆಲ್ಲ ನಾನು ಮಾವ, ಇಲ್ಲಾ ಭಾವ. ಮೊಮ್ಮಗನಿಗೆ ಅದನ್ನು ಇಟ್ರೆ ಮನೆಯಲ್ಲಿ ಯಾರಾದ್ರೂ ಒಮ್ಮೆ ಬಾಯಿಬಿಟ್ಟು ಕೂಗಿಯಾರು ಅಂತ ನನಗೆ ಆಸೆ ಇತ್ತು. ಇನ್ನು ಇವರು ಹೋಟ್ಲಿನ ಹೆಸರು ಇಟ್ರೆ, ನನ್ನದು ನನ್ನ ಜೊತೆಗೇ ಮುಗೀತದೆ."

"ಮಗನಿಗೆ ಹೇಳ್ರಿ ಮತ್ತ."

"ಇಷ್ಟು ವರ್ಷ ಹೇಳದೆ ಈಗ ಏನಂತ ಹೇಳೂದು? ನಿನ್ನಪ್ಪ ಬೇರೆ ಅಂತಲಾ?"

ನನಗೆ ಸಿಟ್ಟು ಬಂತು. ನಾನೇನು ಹುಟ್ಟಿದಾಗಲೇ ಭಾಗೀರಥಿಯೇ? ತವರಿನಲ್ಲಿ ನನ್ನ ಹೆಸರು ಅನಘ. ಮದುವೆಯ ದಿನ ನಮ್ಮವರು ಉಂಗುರ ಹಿಡಿದು ಅಕ್ಕಿಯ ತಟ್ಟೆಯಲ್ಲಿ ಭಾಗೀರಥಿ ಎಂದು ಬರೆದರು, ನಮ್ಮ ಮಂದಿಯಲ್ಲಿ ಅದು ಪದ್ಧತಿ. ಯಾರೂ ನನ್ನನ್ನು ಕೇಳಲಿಲ್ಲ, ಬರೆದದ್ದಾದ ಮೇಲೆ ಎಲ್ಲರೂ ಊಟಕ್ಕೆ ಎದ್ದರು. "ನಂದೂ ಬದಲಾಗೇದ್ರಿ ರಾಯರ. ನಾ ಏನ್ ಸತ್ತೇನೇನು?" ಎಂದು ಜೋರಾಗಿಯೇ ಹೇಳಿದೆ.

ರಾಯರು ಬೇಸರಪಟ್ಟುಕೊಳ್ಳಲಿಲ್ಲ. "ಈಗ ಯಾರಾದ್ರೂ ಹಿಂದಿನಿಂದ ಅನಘ ಅಂತ ಕೂಗಿದ್ರೆ ನೀವು ತಿರುಗ್ತೀರಾ?" ಎಂದು ಕೇಳಿದರು.

ತಿರುಗದೆ ಏನು ಎಂದು ಹೇಳಿ ಎದ್ದು ಬಂದೆ. ಮನೆಗೆ ಬಂದು ಕುಕ್ಕರ್ ಇಟ್ಟ ಮೇಲೆ ತಲೆ ಗೋಜಲಾಯಿತು. ತಿರುಗುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಪರೀಕ್ಷೆ ಮಾಡೋಣವೆಂದರೆ ಕೂಗುವವರಾದರೂ ಇರಬೇಕಲ್ಲ. ಅವತ್ತು ಅನ್ನ ತಳ ಹಿಡಿಯಿತು, ನಮ್ಮವರು ಎರಡು ದಿನ ಅದನ್ನೇ ಆಡಿಕೊಂಡರು.

ನಾಮಕರಣದ ದಿನದವರೆಗೂ ರಾಯರು ಮಗನಿಗೆ ಹೇಳಲಿಲ್ಲ. ನಾನು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಹುಬ್ಬು ಹಾರಿಸಿ ಕೇಳುವುದು, ಅವರು ತಲೆ ಅಲ್ಲಾಡಿಸುವುದು, ಹೀಗೇ ನಡೆಯಿತು. ಆ ದಿನ ಹಾಲಿನಲ್ಲಿ ಮಣೆ ಹಾಕಿ ತಟ್ಟೆಯಲ್ಲಿ ಅಕ್ಕಿ ಹರಡಿದ್ದರು. ಸಂಯುಕ್ತಾಳ ಮಡಿಲಲ್ಲಿ ಮಗು. ಪುರೋಹಿತರಿಗೆ ಇಲ್ಲಿ ಮುಗಿಸಿಕೊಂಡು ಅಂಬರನಾಥಕ್ಕೆ ಸತ್ಯನಾರಾಯಣ ಪೂಜೆಗೆ ಓಡಬೇಕಿತ್ತು, ಆದ್ದರಿಂದ ಮಂತ್ರವೆಲ್ಲ ಫಾಸ್ಟ್ ಲೋಕಲ್ ರೈಲು ಹೋದ ಹಾಗೆ ಹೋಯಿತು. ಜಯಂತನಿಗೆ ಕನ್ನಡ ಬರೆಯಲು ಬಾರದು. ಉಂಗುರ ಹಿಡಿದು ನಾಗರಿ ಲಿಪಿಯಲ್ಲಿ, ಅಪ್ಪನ ಕಡೆ ಒಮ್ಮೆ ನೋಡಿ ನಕ್ಕು, ರಮಾಕಾಂತ ಎಂದು ಬರೆಯತೊಡಗಿದ.

"ಅದಲ್ಲ ಮಗಾ," ಎಂದರು ರಾಯರು.

ಜಯಂತ ತಲೆ ಎತ್ತಿದ. ರಾಯರು ಹೇಳಿದರು. ಗೇಟಿನ ಬಳಿ ನನಗೆ ಹೇಳಿದಷ್ಟು ಸರಿಯಾಗಿ ಹೇಳಲಾಗಲಿಲ್ಲ, ನಡುವೆ ತಡವರಿಸಿದರು, ಧಣಿಯ ಅಪ್ಪನೂ ಇವರ ಅಜ್ಜನೂ ಒಬ್ಬರೇ ಎನ್ನುವ ಹಾಗೆ ಅರ್ಧ ಜನರಿಗೆ ಕೇಳಿಸಿತು. ಸಂಯುಕ್ತಾಳ ತಾಯಿ ಮಗಳನ್ನು ಏನದು ಏನದು ಎಂದು ಪಿಸುದನಿಯಲ್ಲಿ ತಿವಿಯುತ್ತಿದ್ದರು. ಜಯಂತನ ಮುಖ ಕೆಂಪಾಗಿತ್ತು.

"ಪಪ್ಪಾ, ಮೇರಾ ಪೂರಾ ನಾಮ್ ಜಯಂತ್ ರಮಾಕಾಂತ್ ಭಟ್ ಹೈ. ಶಾಲೆಯಿಂದ ಪಾಸ್‌ಪೋರ್ಟ್ ತನಕ. ತೋ ಆ ನಡುವಿನ ರಮಾಕಾಂತ್ ಕೌನ್ ಹೈ?"

"ಅದೂ ನಾನೇ."

"ಔರ್ ವಿಷ್ಣುಮೂರ್ತಿ?"

"ಅದೂ ನಾನೇ ಮಗಾ."

"ಹಾಗಾದ್ರೆ ಪ್ರಾಬ್ಲಮ್ ಏನು?"

ಸಂಯುಕ್ತಾ ನನ್ನ ಕಡೆ ತಿರುಗಿ, "ಆಂಟಿ, ನಿಮಗೆ ಗೊತ್ತಿತ್ತಾ?" ಎಂದಳು. ನಾನು ಫ್ಯಾನು ನೋಡಿದೆ. ಪುರೋಹಿತರು ಗಡಿಯಾರ ನೋಡಿಕೊಂಡು ತೀರ್ಪು ಕೊಟ್ಟರು.

"ಇದಕ್ಕೆ ಯಾಕೆ ಇಷ್ಟು ಚರ್ಚೆ? ರಮೆಯ ಪತಿ ವಿಷ್ಣುವೇ ಅಲ್ವಾ? ಎರಡೂ ಒಂದೇ. ಯಾವುದು ಬರೆದ್ರೂ ಆಗ್ತದೆ."

"ಎರಡೂ ಒಂದೇ ಅಂತಾದ್ರೆ ಧಣಿ ಬದಲಿಸಿದ್ದು ಯಾಕೆ?" ಎಂದರು ರಾಯರು.

ಇಷ್ಟು ವರ್ಷದ ನೆರೆಯಲ್ಲಿ ಅವರ ಆ ಸ್ವರ ನಾನು ಕೇಳಿರಲಿಲ್ಲ. ಪುರೋಹಿತರು ಶಲ್ಯ ಸರಿಮಾಡಿಕೊಂಡರು. ಜಯಂತ ಅಪ್ಪನನ್ನು ನೋಡಿದ. ಆಮೇಲೆ ಅಂಗೈಯಿಂದ ಅಕ್ಕಿ ಸಮಮಾಡಿ ವಿಷ್ಣುಮೂರ್ತಿ ಎಂದು ಬರೆದ. ಮಗುವಿನ ಬಲಗಿವಿಯಲ್ಲಿ ತಾನು ಮೂರು ಸಲ ಹೇಳಿ, ಸಂಯುಕ್ತಾಳಿಂದ ಹೇಳಿಸಿದ. ರಾಯರು ಬಗ್ಗಿ ತಮ್ಮ ಹೆಸರನ್ನು ತಾವೇ ಹೇಳಿ ನಾಚಿಕೊಂಡವರಂತೆ ಹಿಂದೆ ಸರಿದರು. ಇನ್ನು ಅಜ್ಜಿಯ ಸರದಿ.

"ನಾನು ಹೇಳೂದಿಲ್ಲ," ಎಂದಳು ವನಮಾಲಾ.

ಎಲ್ಲರೂ ಅವಳ ಮುಖ ನೋಡಿದರು. ಸೊಸೆಗೆ ತುಳು ಬಾರದು, ಅದಕ್ಕೇ ಅವಳು ಕನ್ನಡದಲ್ಲೇ ಹೇಳಿದಳು. "ಅವರ ಹೆಸರು ನಾನು ಹೇಗೆ ಹೇಳೂದು? ಮದುವೆಯಾದಾಗಿನಿಂದ ಹೇಳ್ಲಿಲ್ಲ. ಊರಿನ ದೇವಸ್ಥಾನದ ದೇವರಿಗೂ ಅದೇ ಹೆಸರು, ನಾನು ದೊಡ್ಡ ದೇವರು ಅಂತಲೇ ಹೇಳೂದು."

"ಈಗ ಅದು ಮಗುವಿನ ಹೆಸರಮ್ಮ," ಎಂದರು ಪುರೋಹಿತರು.

"ಇವತ್ತು ಕಿವಿಯಲ್ಲಿ ಹೇಳಿದ್ರೆ ಮುಗೀತಾ? ನಾಳೆ ಅವ ಹಾಲು ಚೆಲ್ಲಿದ್ರೆ ಅವರ ಹೆಸರು ಹಿಡಿದು ನಾನು ಬೈಯೂದಾ? ನಾನು ಪುಟ್ಟ ಅಂತಲೇ ಕರೀತೇನೆ."

ಧಣಿ ಹೇಳಿದ್ದೂ ಇದೇ ಮಾತು. ವನಮಾಲಾ ಗೌರವದಿಂದ ಹೇಳಿದಳು, ಧಣಿಯೂ ಗೌರವದಿಂದಲೇ ಹೇಳಿದ್ದು. ಇದರಲ್ಲಿ ಯಾರನ್ನು ಬೈಯಬೇಕೆಂದು ನನಗೆ ತಿಳಿಯಲಿಲ್ಲ, ಬೈಯುವುದಕ್ಕೆ ಬಾಯಿ ಮಾತ್ರ ಸಿದ್ಧವಾಗಿತ್ತು. ಜಯಂತ ಹಗಲೆಲ್ಲ ಆಫೀಸಿನಲ್ಲಿ, ಸಂಯುಕ್ತಾ ಪ್ರಥಮ ಎನ್ನುವವಳು. ಮಗುವನ್ನು ನೋಡಿಕೊಳ್ಳಲು ಖಾರಘರ್‌ಗೆ ಹೋಗಿ ನಿಲ್ಲುವವಳು ವನಮಾಲಾ, ದಿನಕ್ಕೆ ನೂರು ಸಲ ಕೂಗುವವಳು ಅವಳೇ. ರಾಯರಿಗೂ ಅದು ಹೊಳೆಯಿತು ಎಂದು ಕಾಣುತ್ತದೆ. ಎದ್ದು ನಿಂತರು.

"ಬಿಡಿ. ಪ್ರಥಮ ಅಂತ ಒಂದೇ ಸಾಕು. ಅಕ್ಕಿ ಅಳಿಸು ಮಗಾ," ಎಂದು ಬಾಲ್ಕನಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು.

ಜಯಂತ ತಟ್ಟೆಯ ಮೇಲೆ ಕೈ ಹಿಡಿದುಕೊಂಡೇ ಕೂತ, ಅಳಿಸಲಿಲ್ಲ. ವನಮಾಲಾ ಗಂಡನ ಬೆನ್ನು ನೋಡಿದಳು, ನನ್ನನ್ನು ನೋಡಿದಳು.

"ಅಕ್ಕ, ಅವರಿಗೆ ಅದು ಅಷ್ಟು ಬೇಕಿತ್ತಾ?"

"ಹೂಂ," ಎಂದೆ.

"ನನ್ನ ಹತ್ತಿರ ಹೇಳ್ಲೇ ಇಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಸಂಯುಕ್ತಾಳ ಮಡಿಲಿನಿಂದ ಮಗುವನ್ನು ಎತ್ತಿಕೊಂಡಳು. ಕಿವಿಗೆ ಬಾಯಿಟ್ಟು ಹೇಳಿದ ಮೊದಲನೆಯದು ಯಾರಿಗೂ ಕೇಳಿಸಲಿಲ್ಲ. ಎರಡನೆಯದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಮೂರನೆಯದಕ್ಕೆ ಅವಳು ತಲೆ ಎತ್ತಿದಳು, ಊಟಕ್ಕೆ ಕರೆಯುವವರ ಸ್ವರದಲ್ಲಿ "ವಿಷ್ಣುಮೂರ್ತಿ" ಎಂದಳು.

"ಓ," ಎಂದರು ರಾಯರು ಬಾಲ್ಕನಿಯಿಂದ. ಎಂದುಬಿಟ್ಟು ತಿರುಗಿ, ಕರೆದದ್ದು ತಮ್ಮನ್ನೋ ಮಗುವನ್ನೋ ಎಂದು ತಿಳಿಯದೆ, ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡುತ್ತ ನಿಂತರು.