ಎರಡು ರೂಪಾಯಿಯ ಎಣ್ಣೆ

ಮೊನ್ನೆ ಮಧ್ಯಾಹ್ನ ಮಲಗುವ ಕೋಣೆಯ ಎ.ಸಿ. ಹಾಕಿದ ಕೂಡಲೇ ಒದ್ದೆ ಗೋಣಿಚೀಲದ ವಾಸನೆ ಬಂತು. ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಬಿಚ್ಚಿ ತೊಳೆಸಬೇಕು ಎಂದು ಅದನ್ನು ಗೋಡೆಗೆ ಕೂರಿಸಿದ ಮೆಕ್ಯಾನಿಕ್ ಹೇಳಿ ಹೋಗಿದ್ದ. ಅವನಿಗೊಂದು ಫೋನು ಮಾಡಿ ಎಂದರೆ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, ತಣ್ಣಗೆ ಬರುತ್ತಿದೆಯಲ್ಲ, ಕೆಟ್ಟಾಗ ಕರೆದರಾಯಿತು, ಸುಮ್ಮನೆ ಯಾಕೆ ದುಡ್ಡು ದಂಡ ಎಂದರು. ನನಗೆ ಎಲ್ಲಿತ್ತೋ ಸಿಟ್ಟು. ಎಪ್ಪತ್ತು ದಾಟಿದ ಹೆಂಗಸು ಒಂದು ಯಂತ್ರದ ಧೂಳಿಗಾಗಿ ಆ ಪರಿ ಕೂಗಾಡುವುದನ್ನು ನೀವು ನೋಡಿದ್ದರೆ ನಕ್ಕುಬಿಡುತ್ತಿದ್ದಿರಿ. ಅವರೂ ನಗಲು ಹೊರಟವರು ನನ್ನ ಮುಖ ನೋಡಿ ಪೇಪರು ಮಡಿಚಿಟ್ಟರು.

ಆ ಸಿಟ್ಟು ಎ.ಸಿ.ಯ ಮೇಲಿನದಲ್ಲ. ಅದು ಹಳೆಯದು, ಐವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದ್ದು. ನಿಮಗೆ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಸೊರಬದಾಚೆಯ ಜಡೆ ಎಂಬ ಹಳ್ಳಿಯಿಂದ ಶಿಕಾರಿಪುರದ ಈ ಮನೆಗೆ ಸೊಸೆಯಾಗಿ ಬಂದೆ. ಜಡೆಯಲ್ಲಿ ನಮಗೆ ಗಾಳಿ ಬೇಕಾದರೆ ಬಾಗಿಲು ತೆರೆಯುತ್ತಿದ್ದೆವು. ಇಲ್ಲಿ ನಡುಮನೆಯ ತೊಲೆಗೆ ಒಂದು ಫ್ಯಾನು ತೂಗುತ್ತಿತ್ತು. ನನ್ನ ಮಾವನವರದು ಪೇಟೆಯಲ್ಲಿ ಜವಳಿ ಅಂಗಡಿ. ಊರಲ್ಲಿ ಆಗ ಫ್ಯಾನು ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಂದ ಹೊಸದರಲ್ಲಿ ನಾನು ಅದರ ಕೆಳಗೆ ಕೂರಲು ಹೆದರಿ ಗೋಡೆಗೆ ಒರಗಿ ಊಟ ಮಾಡುತ್ತಿದ್ದೆ. ಹಳ್ಳಿ ಗುಗ್ಗು ಎಂದು ಎಲ್ಲರೂ ನಕ್ಕರು. ಎರಡೇ ತಿಂಗಳಲ್ಲಿ ಅದೇ ಗುಗ್ಗು ಕರೆಂಟು ಹೋದರೆ ಗೊಣಗುವುದನ್ನೂ ಕಲಿಯಿತು, ಆ ಮಾತು ಬೇರೆ.

ಶಿವರಾತ್ರಿ ಕಳೆದ ವಾರದಲ್ಲಿ ಗೌಸ್ ಸಾಬರು ಬರುತ್ತಿದ್ದರು. ಊರಿನ ಫ್ಯಾನುಗಳೆಲ್ಲ ಅವರವೇ ಎನ್ನುವಂತೆ ಮನೆಮನೆಗೆ ಹೋಗಿ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಮತ್ತೆ ತೂಗುಹಾಕುವುದು ಅವರ ಕೆಲಸ. ಒಂದು ಫ್ಯಾನಿಗೆ ಎರಡು ರೂಪಾಯಿ. ಮೊದಲು ಸ್ವಿಚ್ಚು ಹಾಕಿಸಿ, ಕಣ್ಣು ಮುಚ್ಚಿ ಅದರ ಸದ್ದು ಕೇಳುವರು. ‘ಬಾಯಾರಿಕಿ ಆಗೈತ್ರಿ ಇದಕ್ಕ’ ಎನ್ನುವರು. ಏಣಿ ಹತ್ತಿ ಕೊಂಡಿಯಿಂದ ಒಂದು ಸಣ್ಣ ಪಿನ್ನು ಎಳೆದು ತೆಗೆದು ನನಗೆ ತೋರಿಸಿದ್ದು ನೆನಪಿದೆ. ನಮ್ಮ ಹೇರ್‌ಪಿನ್ನಿನಷ್ಟೇ ಇತ್ತು. ಇಷ್ಟು ಭಾರ ನಿಂತಿರುವುದು ಇದರ ಮೇಲೆ, ಸವೆದದ್ದು ಕೆಳಗಿನಿಂದ ಕಾಣುವುದಿಲ್ಲ, ಅದಕ್ಕೇ ವರ್ಷಕ್ಕೊಂದು ಹೊಸದು ಹಾಕುತ್ತೇನೆ ಎಂದಿದ್ದರು. ಪಿನ್ನಿಗೆ ಬೇರೆ ದುಡ್ಡು ಕೇಳುತ್ತಿರಲಿಲ್ಲ.

ಆ ಎರಡು ರೂಪಾಯಿ ನಮ್ಮ ಮನೆಗೆ ಭಾರವಾಗಿತ್ತು. ಬಡತನವಲ್ಲ. ಮಾವನವರು ವಾರಕ್ಕೊಮ್ಮೆ ತಮ್ಮ ತಲೆಗೆ ಎಣ್ಣೆ ತಪ್ಪಿಸಿದವರಲ್ಲ, ಫ್ಯಾನಿನ ಎಣ್ಣೆ ಮಾತ್ರ ಅವರಿಗೆ ದಂಡವಾಗಿ ಕಂಡಿತು. ಅತ್ತೆಯಂತೂ ಉಪ್ಪಿನಕಾಯಿ ಭರಣಿಯ ಬಾಯನ್ನು ಎರಡು ದಿನಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸುವವರು. ಕೆಡುವ ಮೊದಲೇ ನೋಡಿಕೊಳ್ಳಬೇಕು ಎನ್ನುವ ವಿದ್ಯೆ ಅವರಿಗೆ ನಾವು ಹೇಳಿಕೊಡಬೇಕಿರಲಿಲ್ಲ. ಆದರೆ ಆ ವಿದ್ಯೆ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಗೌಸ್ ಸಾಬರು ಎಣ್ಣೆ ಬಿಟ್ಟು ಹೋದ ಮೇಲೆ ಫ್ಯಾನು ಮೊದಲಿನಂತೆಯೇ ತಿರುಗುತ್ತಿತ್ತು, ಕೊಟ್ಟ ದುಡ್ಡಿಗೆ ಏನೂ ಕಾಣುತ್ತಿರಲಿಲ್ಲ. ಅದೇ ಸುಟ್ಟುಹೋದ ರೇಡಿಯೋವನ್ನು ಶಿವಮೊಗ್ಗಕ್ಕೆ ಹೊತ್ತು ಹೋಗಿ ನಲವತ್ತು ರೂಪಾಯಿ ತೆತ್ತು ಬಂದಾಗ ಮಾವನವರು ಆ ರಿಪೇರಿಯವನನ್ನು ಒಂದು ವಾರ ಹೊಗಳಿದ್ದರು.

ನಾನು ಬಂದ ಮೂರನೆಯ ವರ್ಷ ಗೌಸ್ ಸಾಬರು ಬಂದಾಗ ಅತ್ತೆ ಅಡುಗೆಮನೆಯಿಂದಲೇ ನನಗೆ ಪಿಸುಗುಟ್ಟಿದರು, ಬೇರೆಯವರು ಬಂದು ಮಾಡಿ ಹೋದರು ಅಂತ ಹೇಳಿ ಕಳಿಸು ಎಂದು. ನಾನು ಬಾಗಿಲಿಗೆ ಹೋಗಿ ಹಾಗೇ ಹೇಳಿದೆ. ಯಾರು ಮಾಡಿದರು ಎಂದು ಅವರು ಕೇಳಲಿಲ್ಲ. ಪಿನ್ನು ಹೊಸದು ಹಾಕಿದರಾ ಎಂದು ಮಾತ್ರ ಕೇಳಿದರು. ಹೂಂ ಎಂದೆ. ಆ ಹೂಂ ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ.

ಒಂದೂವರೆ ತಿಂಗಳಿಗೆ, ಮಧ್ಯಾಹ್ನದ ಊಟವಾಗಿ ಅತ್ತೆ ಚಾಪೆ ಹಾಸಿ ಮಲಗಿದ್ದಾಗ ಫ್ಯಾನು ಬಿತ್ತು. ನಾನು ಪಾತ್ರೆ ತೊಳೆಯುತ್ತಿದ್ದೆ. ಓಡಿ ಬಂದು ನೋಡಿದರೆ ಅತ್ತೆಯ ಎಡ ಭುಜದ ಮೇಲೆ ಅದರ ರೆಕ್ಕೆ, ಸೀರೆಯೆಲ್ಲ ರಕ್ತ. ಭುಜದ ಮೂಳೆ ಮುರಿದಿತ್ತು. ಶಿವಮೊಗ್ಗದಲ್ಲಿ ಹದಿನೈದು ದಿನ ಇಟ್ಟುಕೊಂಡರು. ಆ ಕೈ ಮತ್ತೆ ತಲೆಯವರೆಗೆ ಏಳಲೇ ಇಲ್ಲ. ಅವರು ಇದ್ದಷ್ಟು ದಿನ ಅವರ ಜಡೆ ಹೆಣೆದದ್ದು ನಾನೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೆಟ್ಟ ಮೇಲೂ ಬುದ್ಧಿ ಬರಲಿಲ್ಲ.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಮಾವನವರು ಗೌಸ್ ಸಾಬರನ್ನು ಕರೆಸಿದರು. ಜಗಲಿಯ ಮೇಲೆ ಪೇಟೆಯ ನಾಲ್ಕು ಜನ ಕೂತಿದ್ದರು, ಎಲ್ಲರೂ ಫ್ಯಾನು ಇಟ್ಟವರೇ. ನಿನ್ನ ಕೈಕೆಲಸದಿಂದ ಮನೆಯಾಕೆ ಸಾಯುತ್ತಿದ್ದಳು ಎಂದು ಮಾವನವರು ಶುರುಮಾಡಿದರು. ಗೌಸ್ ಸಾಬರು ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತಿದ್ದರು. ಈ ವರ್ಷ ತಾನು ಅದನ್ನು ಮುಟ್ಟಿಲ್ಲ, ಬೇರೆಯವರು ಮಾಡಿದ್ದಾರೆ ಎಂದು ಹೇಳಿ ಕಳಿಸಿದರು, ಬೇಕಾದರೆ ಒಳಗೆ ಕೇಳಿ ಎಂದರು. ಅವರಿಗೆ ಭಯವಿರಲಿಲ್ಲ. ಒಳಗೆ ನಾನಿದ್ದೇನೆ ಎಂಬ ಧೈರ್ಯ ಅದು.

ಮಾವನವರು ಬಾಗಿಲ ಕಡೆ ತಿರುಗಿ, ‘ಏನವ್ವಾ, ಫ್ಯಾನಿಗೆ ಬ್ಯಾರೆ ಯಾರಾರ ಬಂದಿದ್ರೇನು?’ ಎಂದು ಕೇಳಿದರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ನನ್ನ ಪಕ್ಕದ ಕೋಣೆಯಲ್ಲಿ ಅತ್ತೆ, ಕೈಗೆ ಪಟ್ಟಿ ಕಟ್ಟಿಕೊಂಡು, ಕಣ್ಣುಬಿಟ್ಟುಕೊಂಡು ಮಲಗಿದ್ದರು.

‘ಇಲ್ಲ’ ಎಂದೆ.

ಅದು ನಿಜವೇ ಆಗಿತ್ತು. ಬೇರೆ ಯಾರೂ ಬಂದಿರಲಿಲ್ಲ. ಹಾಗೆ ನಾನು ಸುಳ್ಳನ್ನೇ ಹೇಳದೆ ಒಬ್ಬ ಮನುಷ್ಯನನ್ನು ನಾಲ್ಕು ಜನರ ಮುಂದೆ ಸುಳ್ಳನನ್ನಾಗಿ ಮಾಡಿದೆ. ಗೌಸ್ ಸಾಬರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮುಂದಿನ ಶಿವರಾತ್ರಿಗೆ ಪೇಟೆಯ ಒಂದು ಮನೆಯೂ ಅವರಿಗೆ ಬಾಗಿಲು ತೆರೆಯಲಿಲ್ಲ. ಅವರು ಸಂಸಾರ ಕಟ್ಟಿಕೊಂಡು ಸೊರಬಕ್ಕೆ ಹೋದರು ಎಂದು ಯಾರೋ ಹೇಳಿದರು. ಮಾವನವರ ಮೇಲೆ ನನಗೆ ಅಷ್ಟು ಸಿಟ್ಟಿರಲಿಲ್ಲ, ಪಾಪ, ಅವರಿಗೇನು ಗೊತ್ತು ಎಂದುಕೊಂಡಿದ್ದೆ. ಅತ್ತೆಯ ಮರ್ಯಾದೆ ಉಳಿಸಿದೆ ಎಂದುಕೊಂಡಿದ್ದೆ. ಸೊಸೆಯಾದವಳು ಇನ್ನೇನು ಮಾಡಬೇಕಿತ್ತು ಎಂದು ಸೊಸೆಯಾದವಳೇ ಕೇಳಿಕೊಂಡು ಸಮಾಧಾನ ಪಡೆಯುವ ಕಲೆ ನನಗೆ ಚೆನ್ನಾಗಿ ಬರುತ್ತಿತ್ತು.

ಮರುವರ್ಷ ತವರಿಗೆ ಹೋಗುವಾಗ ಸೊರಬದಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್‌ಸ್ಟ್ಯಾಂಡಿನ ಪಕ್ಕ ತಗಡಿನ ನೆರಳಲ್ಲಿ ಗೌಸ್ ಸಾಬರು ಸ್ಟವ್ ರಿಪೇರಿ ಮಾಡುತ್ತ ಕೂತಿದ್ದರು. ನಾನು ಸೆರಗು ಎಳೆದುಕೊಂಡೆ. ಅಷ್ಟರಲ್ಲಿ ಅವರೇ ಎದ್ದು ಬಂದರು. ಕೈಗೆ ಸೀಮೆಎಣ್ಣೆಯ ಮಸಿ. ಮೊದಲು ಅತ್ತೆಯ ಕೈ ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

‘ಅವತ್ತು ಬಾಗಿಲದಾಗ ನೀವಾ ಹೇಳಿದ್ರಲ್ರೀ ಅಮ್ಮಾ, ಬ್ಯಾರೆಯವ್ರು ಮಾಡಿ ಹೋದ್ರು ಅಂತ? ಪಿನ್ನು ಹಾಕ್ಯಾರ ಅಂತಾನೂ ಅಂದ್ರಿ. ಇಲ್ಲಾ ನಾನಾ ತಪ್ಪು ಕೇಳಿಸ್ಕೊಂಡ್ನೇನ್ರೀ? ಮನ್ಯಾಗ ನಮ್ಮಾಕಿ ನಾನಾ ಮರ್ತಿರಬೇಕು ಅಂತಾಳ. ನನಗೂ ಈಗೀಗ ಹಂಗಾ ಅನ್ನಿಸ್ತೈತಿ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮನುಷ್ಯ ತನ್ನ ಕಿವಿಯನ್ನೇ ನಂಬದ ಹಾಗಾಗಿದ್ದರು. ಹೌದು, ನಾನೇ ಹೇಳಿದೆ ಎಂದರೆ ಸಾಕಿತ್ತು. ಅಲ್ಲಿ ಮಾವನವರಿರಲಿಲ್ಲ, ಅತ್ತೆ ಇರಲಿಲ್ಲ, ಕೇಳುವವರು ಯಾರೂ ಇರಲಿಲ್ಲ. ಜಡೆಯ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ನಾನು ಹೋಗಿ ಬಸ್ಸಿನಲ್ಲಿ ಕೂತೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ, ಐವತ್ತು ವರ್ಷದಿಂದ ಕೇಳಿಕೊಂಡಿದ್ದೇನೆ. ನನ್ನ ಮೇಲೆ ನನಗಿರುವ ಹೇಸಿಗೆ ಇನ್ನೂ ಹೋಗಿಲ್ಲ.

ಮೊನ್ನೆ ಕೂಗಾಡಿದ ಮೇಲೆ ಮೆಕ್ಯಾನಿಕ್‌ಗೆ ನಾನೇ ಫೋನು ಮಾಡಿದೆ. ನಿನ್ನೆ ಬಂದು ಎ.ಸಿ. ಬಿಚ್ಚಿ ತೊಳೆದ. ಎರಡು ಬಕೆಟ್ ಕಪ್ಪು ನೀರು ಬಂತು. ಅವನು ಕೇಳಿದ ದುಡ್ಡಿಗೆ ನಮ್ಮ ಮನೆಯವರ ಮುಖ ಸಣ್ಣಗಾದರೂ ಎಣಿಸಿ ಕೊಟ್ಟರು. ಅವನು ಹೋದ ಮೇಲೆ, ಇಷ್ಟೊಂದು ಸಿಟ್ಟು ಯಾಕೆ ಎಂದು ಕೇಳಿದರು. ನಾನು ಮೊದಲ ಸಲ ಬಾಯಿಬಿಟ್ಟು ಎಲ್ಲವನ್ನೂ ಹೇಳಿದೆ. ಬಾಗಿಲಲ್ಲಿ ಹೇಳಿದ್ದು, ಹೂಂ ಎಂದದ್ದು, ಸೊರಬದ ಬಸ್‌ಸ್ಟ್ಯಾಂಡು, ಎಲ್ಲ. ಅವರು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ.

ಕನ್ನಡಕ ತೆಗೆದು ಒರೆಸುತ್ತ, ಬೇರೆಯವರು ಮಾಡಿ ಹೋದರು ಎನ್ನುವುದು ಅಪ್ಪನೇ ಹೇಳಿಕೊಟ್ಟ ಮಾತು ಎಂದರು. ಗಡಿಯಾರದವನು ಬಂದರೂ ಕಲಾಯಿಯವನು ಬಂದರೂ ಹಾಗೇ ಹೇಳಿ ಕಳಿಸಿ, ಜಗಳವಿರುವುದಿಲ್ಲ ಎಂದು ಅಪ್ಪ ಅವ್ವನಿಗೆ ಹೇಳಿಟ್ಟಿದ್ದರಂತೆ. ಗೌಸ್ ಸಾಬರನ್ನು ಹಾಗೆ ಕಳಿಸಿದ್ದನ್ನು ಅವ್ವ ಆಸ್ಪತ್ರೆಯಲ್ಲೇ ಅಪ್ಪನಿಗೂ ತಮಗೂ ಹೇಳಿದ್ದರಂತೆ.

ಅಂದರೆ ಜಗಲಿಯ ಮೇಲೆ ನನ್ನನ್ನು ಕೇಳುವಾಗ ಮಾವನವರಿಗೆ ನನ್ನ ಉತ್ತರ ಗೊತ್ತಿತ್ತು. ಅದಕ್ಕೇ, ಗೌಸ್ ಸಾಬರಿಗೆ ಏನು ಹೇಳಿ ಕಳಿಸಿದೆ ಎಂದು ಕೇಳದೆ ಆ ಪ್ರಶ್ನೆಯನ್ನೇ ಕೇಳಿದರು. ಮಾವ, ಅತ್ತೆ, ನಮ್ಮ ಮನೆಯವರು, ನಾನು, ಮನೆಯ ನಾಲ್ಕೂ ಜನಕ್ಕೆ ಗೊತ್ತಿತ್ತು. ಗೊತ್ತಿಲ್ಲದೆ ನಿಂತಿದ್ದವರು ಅಂಗಳದಲ್ಲಿದ್ದ ಗೌಸ್ ಸಾಬರೊಬ್ಬರೇ. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡರು.

‘ಈಗ್ಯಾಕೆ ಅದೆಲ್ಲ? ಗೌಸ್ ಸಾಬ್ರೂ ಇಲ್ಲ, ಅಪ್ಪಾನೂ ಇಲ್ಲ’ ಎಂದರು.

‘ನಾವಿಬ್ರೂ ಇದ್ದೀವಲ್ರೀ’ ಎಂದೆ.